ಮೌನದಜ್ಜ ಸತ್ತ ಹೊತ್ತು

ಹೊಳೆಯ ಈಚೆ ದಂಡೆಯಲ್ಲಿ ಕಲ್ಲಯ್ಯಜ್ಜನ ಆಶ್ರಮ. ಆಚೆ ದಂಡೆಯಲ್ಲಿ ಮೌನದಜ್ಜನ ಗುಡಿಸಲು. ನಡುವೆ ನೀರು, ನೀರಿನ ಮೇಲೆ ಒಂದು ಹರಿಗೋಲು.

ಕಲ್ಲಯ್ಯಜ್ಜನಿಗೆ ಇದ್ದವನು ಒಬ್ಬನೇ ಶಿಷ್ಯ, ಅಡಿವೆಪ್ಪ. ಆಳು ಒಳ್ಳೆಯವನು. ಬಾಯಿಗೆ ಮಾತ್ರ ಅಗಳಿ ಇರಲಿಲ್ಲ. ನಿದ್ದೆಯಲ್ಲಿ ತಾನೇ ಏನೋ ಕೇಳಿ, ತಾನೇ ಎದ್ದು ಕೂತು ಉತ್ತರ ಕೊಟ್ಟು, ಮತ್ತೆ ಮಲಗುವ ಪೈಕಿ.

“ಅಜ್ಜಾರ, ನನಗ ಉಪದೇಶ ಯಾವಾಗ ಕೊಡ್ತೀರಿ?” ಎಂದು ದಿನಾ ಕೇಳುವನು.

“ಹಿತ್ತಲಾಗ ಕಸ ಅದ” ಎನ್ನುವನು ಕಲ್ಲಯ್ಯಜ್ಜ.

ಕಸ ಗುಡಿಸಿ ಗುಡಿಸಿ ಅಡಿವೆಪ್ಪನಿಗೆ ಬೇಸರ ಬಂತು. ಮಾತಾಡುವ ಗುರುವಿನಿಂದ ಸಿಗದ್ದು ಮಾತಾಡದ ಗುರುವಿನಿಂದ ಸಿಕ್ಕೀತು ಅಂದುಕೊಂಡ. ಒಂದು ನಸುಕಿನಲ್ಲಿ ಎದ್ದು, ಸಿಹಿ ಕಡುಬು ಮಾಡಿ ಬುಟ್ಟಿಯಲ್ಲಿಟ್ಟು, ಹೇಳದೆ ಕೇಳದೆ ಹರಿಗೋಲು ಹತ್ತಿ ಆಚೆ ದಂಡೆಗೆ ಹೋದ.

ಹೊತ್ತು ಮೂಡುವಾಗ ತಿರುಗಿ ಬಂದ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಣೆಯ ಮೇಲೆ ನಿಂಬೆಕಾಯಿಯಂಥ ಬುಗುಟು.

“ಸಿಕ್ತು, ಅಜ್ಜಾರ!”

ಕಲ್ಲಯ್ಯಜ್ಜ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದ. “ಏನು ಸಿಕ್ತು?”

“ಉಪದೇಶ. ಮೌನದಜ್ಜ ಕೊಟ್ಟ.”

“ಏನಂದ?”

“ಏನೂ ಅನ್ನಲಿಲ್ಲ. ಅದರಾಗ ಎಲ್ಲಾ ಬಂತು.”

“ನೀ ಏನಂದಿ?”

“ನಾ ಹುಟ್ಟಿದಾಗಿಂದ ಸುರು ಮಾಡಿದೆ. ದೊಡ್ಡಪ್ಪ ಹೊಲ ಹೊಡಕೊಂಡಿದ್ದು, ನಾ ಮನಿ ಬಿಟ್ಟು ಓಡಿದ್ದು, ಸಂತಿ ಸಂತಿ ತಿರುಗಿದ್ದು, ನೀವು ಉಪದೇಶ ಕೊಡದ ಸತಾಯಿಸಿದ್ದು, ಒಂದೂ ಬಿಡಲಿಲ್ಲ. ನಡುವ ಬಾಯಿ ಹಾಕಲಿಲ್ಲರೀ! ಆಕಳಿಸಲಿಲ್ಲ. ಕಣ್ಣು ಸುದ್ದಾ ಪಿಳುಕಿಸಲಿಲ್ಲ. ಜನ್ಮದಾಗ ನನ್ನ ಮಾತು ಹಿಂಗ ಕೇಳಿದವರನ್ನ ನಾ ಕಂಡಿಲ್ಲ.”

ಬೇವಿನ ಕಡ್ಡಿ ನಿಂತಿತು.

“ಕಣ್ಣು ಪಿಳುಕಿಸಲಿಲ್ಲ?”

“ಒಂದ ಸಲನೂ ಇಲ್ಲ. ಕಡೀಕ ಕೇಳಿದೆ: ಅಜ್ಜಾ, ನಾನೂ ಒಂದು ಆಶ್ರಮ ಕಟ್ಟಿ ಗುರು ಆಗಲೇನು? ಬ್ಯಾಡ ಅನ್ನಲಿಲ್ಲ.”

“ಪಾದ ಮುಟ್ಟಿದೇನು?”

“ಮುಟ್ಟಿದೆ. ಹೊಳಿ ಕಲ್ಲಿನಗತೆ ತಣ್ಣಗ. ತಪಸ್ಸಿನ ತಂಪು ಅಜ್ಜಾರ, ನಿಮ್ಮ ಪಾದ ಯಾವಾಗ ನೋಡಿದರೂ ಬೆಚ್ಚಗ ಇರತಾವ.”

“ಹಣಿ ಮ್ಯಾಲ ಏನದು?”

“ಇದ ನೋಡ್ರಿ ಆಶೀರ್ವಾದ! ಪಾದಕ್ಕ ಬಿದ್ದೆ. ಕುಂತ ಕಂಬಳಿ ಚೂರು ಜಗ್ಗಿತು. ಅಜ್ಜ ಹಾಂಗ ಮುಂದ ಬಾಗಿ, ತನ್ನ ತಲಿ ತಂದು ನನ್ನ ತಲಿಗೆ ಟಣ್ಣಂತ ಮುಟ್ಟಿಸಿದ. ಜ್ಞಾನ ಇಳದದ್ದು ಅಲ್ಲೇ.”

“ಆಮ್ಯಾಲ ಅವ ತಾನ ಎದ್ದು ಕುಂತನೋ?”

“ಸಮಾಧಿ ಹತ್ತಿದವರಿಗೆ ಏಳೂದು ಎಲ್ಲಿ ನೆನಪಿರತದ? ನಾನ ಎತ್ತಿ ಕೂಡಿಸಿದೆ. ಬಾಯಿಗೆ ಒಂದು ತುಂಡು ಕಡುಬು ಇಟ್ಟೆ. ಬ್ಯಾಡ ಅನ್ನಲಿಲ್ಲ.”

ಕಲ್ಲಯ್ಯಜ್ಜ ಬೇವಿನ ಕಡ್ಡಿ ಎಸೆದ. ಬಾಯಿ ಮುಕ್ಕಳಿಸಿದ. “ಹರಿಗೋಲು ತಿರುವು” ಎಂದ.

“ಯಾಕ್ರಿ? ಈಗ ಬಂದೀನಿ.”

ಅಷ್ಟರಲ್ಲಿ ಆಚೆ ದಂಡೆಯಿಂದ ಹೆಂಗಸೊಬ್ಬಳು ಬೊಬ್ಬೆ ಹೊಡೆದು ಅಳುವ ಸದ್ದು ನೀರಿನ ಮೇಲೆ ತೇಲಿ ಬಂತು.

*

ಅತ್ತವಳು ಗುರುಸಿದ್ದವ್ವ. ಮೌನದಜ್ಜನಿಗೆ ಸಂಜೆ ಮುಂಜಾನೆ ಹಾಲು ತಂದಿಡುವವಳು. ಬೆಳಗಿನ ಹಾಲು ತಂದು ನೋಡಿದರೆ ಅಜ್ಜ ಕೂತಲ್ಲೇ ಸೆಟೆದಿದ್ದಾನೆ, ತುಟಿಯ ನಡುವಿಂದ ಕಡುಬಿನ ತುಂಡು ಇಣುಕುತ್ತಿದೆ, ಮುಂದೆ ಒಂದು ಬುಟ್ಟಿ ಕಡುಬು.

ಹರಿಗೋಲು ದಂಡೆ ಮುಟ್ಟುವ ಹೊತ್ತಿಗೆ ಊರು ಕೂಡಿತ್ತು.

“ಇವನ! ನಸುಕಿನ್ಯಾಗ ಬುಟ್ಟಿ ಹೊತಗೊಂಡು ಬಂದಾವ ಇವನ, ನಾ ನೋಡೀನಿ! ಹಲ್ಲಿಲ್ಲದ ಮುದುಕನ ಬಾಯಾಗ ಕಡುಬು ತುರುಕಿ ಕೊಂದಾನ!” ಎಂದು ಗುರುಸಿದ್ದವ್ವ ಬೆರಳು ಮಾಡಿದಳು.

ಅಡಿವೆಪ್ಪ ನಕ್ಕ. “ಸತ್ತಿಲ್ಲವ್ವ. ಸಮಾಧಿ ಹತ್ಯಾರ. ನಿನಗ ತಿಳಿಯೂದಿಲ್ಲ.”

ಊರ ಗೌಡ ದ್ಯಾಮನಗೌಡ ಅವನ ಕೈ ಹಿಂದಕ್ಕೆ ಕಟ್ಟಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದ. ಆಗ ನಗು ನಿಂತಿತು.

ಫೌಜದಾರ ಇಮಾಮಸಾಹೇಬ ಹಿಂದಿನ ದಿನದಿಂದ ಅದೇ ಊರಲ್ಲಿ ಬೇರೆ ಕೆಲಸಕ್ಕೆ ಮೊಕ್ಕಾಂ ಮಾಡಿದ್ದ. ಮುಖಕ್ಕೆ ಹಚ್ಚಿದ ಸೋಪು ಅರ್ಧ ಒರೆಸಿಕೊಂಡೇ ಬಂದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಗಡ್ಡ.

ಕಲ್ಲಯ್ಯಜ್ಜ ನೇರ ಗುಡಿಸಲೊಳಗೆ ಹೋಗಿ ಮೌನದಜ್ಜನ ಎದುರು ಕೂತ. ಇಬ್ಬರೂ ಹಳೆಯ ಗೆಳೆಯರು. ಹೊಳೆಯ ಆಚೆ ಈಚೆ ಕೂತು ಒಬ್ಬರ ಅಡುಗೆಯ ಹೊಗೆ ಒಬ್ಬರು ನೋಡಿಕೊಂಡು ಮುದುಕರಾದವರು.

“ಹೇಳದ ಹೋದಿ” ಎಂದ. ಮತ್ತೆ ತಾನೇ, “ಹೇಳೂ ಪದ್ಧತಿ ನಿನಗ ಎಲ್ಲಿತ್ತು” ಎಂದ.

ಹೊರಗೆ ದ್ಯಾಮನಗೌಡ ಫೌಜದಾರನಿಗೆ ಹೇಳುತ್ತಿದ್ದ. “ಬರೇ ತುರುಕಿಲ್ಲ ಸಾಹೇಬ್ರ, ವಿಷಾ ಹಾಕ್ಯಾನ. ಇವನ ಗುರುವಿಗಿಂತ ನಮ್ಮ ಅಜ್ಜಗ ಮಂದಿ ಹೆಚ್ಚು ಬರ್ತಿದ್ರು. ಹೊಟ್ಟಿಕಿಚ್ಚು.”

ಫೌಜದಾರ ಕಡುಬಿನ ಬುಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಸಲು ಹೊರಟ. ಕಲ್ಲಯ್ಯಜ್ಜ ಗುಡಿಸಲಿನಿಂದ ಹೊರಗೆ ಬಂದವನೇ ಬುಟ್ಟಿಗೆ ಕೈ ಹಾಕಿ ಒಂದು ಕಡುಬು ತೆಗೆದು ಬಾಯಿಗಿಟ್ಟುಕೊಂಡ.

ಊರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯಿತು.

“ಅಜ್ಜಾರ! ಅದು ಪುರಾವೆ!” ಎಂದು ಫೌಜದಾರ ಕೂಗಿದ.

“ಇನ್ನೂ ಅದಾವ, ಕಟ್ಟಗೋರಿ” ಎಂದ ಕಲ್ಲಯ್ಯಜ್ಜ ಅಗಿಯುತ್ತ. “ನಾ ಸತ್ತರ ನಿಮಗ ಕಾರಣನೂ ಗೊತ್ತು, ಹೊತ್ತೂ ಗೊತ್ತು. ಕೆಲಸ ಹಗರ.”

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಗಂಟಲು ಏರಿತು, ಇಳಿಯಿತು.

“ಉಪ್ಪು ಬಿಟ್ಟಾನ” ಎಂದ ಕಲ್ಲಯ್ಯಜ್ಜ.

ಕೈಕಟ್ಟಿಸಿಕೊಂಡ ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. “ಸಿಹಿ ಕಡುಬಿಗೆ ಯಾರು ಉಪ್ಪು ಹಾಕ್ತಾರ್ರಿ?”

“ಚಿಟಿಕಿ ಹಾಕಬೇಕು.”

“ನಮ್ಮ ಅವ್ವ ಹಾಕ್ತಿದ್ದಿಲ್ಲ.”

“ಲೇ, ನಿನ್ನ ಕುತ್ತಿಗಿಗೆ ಹಗ್ಗ ಬರೂ ಹೊತ್ತಿನ್ಯಾಗ ಉಪ್ಪಿನ ವಾದ ಏನಲೇ!” ಎಂದು ಫೌಜದಾರ ಗದರಿದ.

ಅಡಿವೆಪ್ಪನಿಗೆ ಕುತ್ತಿಗೆ ನೆನಪಾಯಿತು. ತಣ್ಣಗಾದ.

ಗುರುಸಿದ್ದವ್ವ ಕಲ್ಲಯ್ಯಜ್ಜನ ಮುಖಕ್ಕೆ ಮುಖ ತಂದು ನೋಡಿದಳು. “ಏನರ ಆಗಾಕತ್ತೇತೇನ್ರಿ ಒಳಗ?”

“ಆಗಾಕತ್ತದ.”

“ಏನು?”

“ಇನ್ನೊಂದು ಬೇಕನಸ್ತದ.”

*

ವಿಷದ ಮಾತು ಅಲ್ಲಿಗೆ ಬಿತ್ತು. ತುರುಕಿದ ಮಾತು ಉಳಿಯಿತು.

ಫೌಜದಾರ ಟೊಪ್ಪಿಗೆ ತೆಗೆದು ಗುಡಿಸಲೊಳಗೆ ಹೋದ. ಕಲ್ಲಯ್ಯಜ್ಜ ಹಿಂದೆ. ಬಾಗಿಲಲ್ಲಿ ಊರು.

ಮೌನದಜ್ಜ ಚಕ್ಕಳಮಕ್ಕಳ ಹಾಕಿ, ಎರಡೂ ಕೈ ತೊಡೆಯ ಮೇಲಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮುಖ ನೋಡಿದರೆ ಯಾರೋ ಒಂದು ಮಾತು ಹೇಳುತ್ತಿದ್ದಾರೆ, ಇವನು ಕೇಳುತ್ತಿದ್ದಾನೆ ಅನ್ನುವ ಹಾಗೆ.

ಫೌಜದಾರ ಮೊದಲು ದವಡೆ ಹಿಡಿದು ನೋಡಿದ. ಆಮೇಲೆ ಕುತ್ತಿಗೆ. ಆಮೇಲೆ ಮೊಣಕೈ, ಮಂಡಿ. ಕಟ್ಟಕಡೆಗೆ ಕಾಲಿನ ಹೆಬ್ಬೆರಳು.

“ಏನು ನೋಡಾಕತ್ತೀರಿ?” ಎಂದ ಕಲ್ಲಯ್ಯಜ್ಜ.

“ಹೆಣ ಗಟ್ಟಿ ಆಗೂದು ದವಡಿಯಿಂದ ಕಾಣಾಕ ಹತ್ತತದ ಅಜ್ಜಾರ. ಅಲ್ಲಿಂದ ಒಂದೊಂದ ಮೆಟ್ಟಲಾ ಇಳೀತದ. ಈ ಥಂಡಿಯಾಗ ನಸುಕಿಗೆ ಸತ್ತಾವ ಇಷ್ಟೊತ್ತಿಗೆ ಇನ್ನೂ ಮೇಲಿನ ಮೆಟ್ಟಲದಾಗ ಇರಬೇಕು. ಇವರು ಹೆಬ್ಬೆರಳ ತನಕ ಇಳದಾರ.”

ಅಂಗಾಲು ನೋಡಿದ. ನೇರಳೆ ಹಣ್ಣಿನ ಬಣ್ಣ. ಬೆರಳೊತ್ತಿದ. ಬಣ್ಣ ಕದಲಲಿಲ್ಲ.

“ರಕ್ತ ಕೆಳಗಿಳಿದು ಕುಂತು ಬಿಟ್ಟದ. ಈಗ ಸತ್ತಿದ್ದರ ಒತ್ತಿದಲ್ಲಿ ಬೆಳ್ಳಗಾಗ್ತಿತ್ತು. ಇದು ನಿನ್ನೆ ಇಳದ ರಕ್ತ.”

ತುಟಿ ಬಿಡಿಸಿ ಕಡುಬಿನ ತುಂಡು ಹೊರತೆಗೆದ. ಬೆಳಕಿಗೆ ಹಿಡಿದ.

“ತುಟಿಗೂ ವಸಡಿಗೂ ನಡುವ ಕುಂತಿತ್ತು. ದವಡಿ ಬಿಗದದ, ಒಳಗ ಹೋಗಾಕ ದಾರಿನ ಇಲ್ಲ. ಉಗುಳು ಹತ್ತಿಲ್ಲ. ಮ್ಯಾಲ ಗಂಟಲಿಗೆ ಸಿಕ್ಕು ಸಾಯಾವ ಹಿಂಗ ಕೈ ತೊಡಿ ಮ್ಯಾಲ ಇಟಗೊಂಡು ಕೂಡೂದಿಲ್ಲ. ಒದ್ದಾಡ್ತಾನ, ಕುಂತ ಕಂಬಳಿ ಕಿತ್ತು ಬರ್ತದ.”

ಬಾಗಿಲಿಗೆ ಬಂದು ನಿಂತು ಊರಿಗೆ ಕೇಳುವಂತೆ ಹೇಳಿದ:

“ಕಡುಬು ಕೊಂದಿಲ್ಲ. ಅಜ್ಜಾರು ಸತ್ತದ್ದು ವಯಸ್ಸಿಗೆ. ಕುಂತಲ್ಲೇ ಉಸಿರು ನಿಂತದ. ನಿನ್ನೆ ಹೊತ್ತು ಮುಳುಗೂ ಸುಮಾರು.”

ಅಡಿವೆಪ್ಪನ ಎದೆಯಿಂದ ಬಂಡೆ ಇಳಿಯಬೇಕಿತ್ತು. ಇಳಿಯುವ ಮೊದಲೇ ಗುರುಸಿದ್ದವ್ವ ಕೂಗಿದಳು.

“ಸುಳ್ಳು! ನಿನ್ನೆ ದೀಪ ಹಚ್ಚೂ ಹೊತ್ತಿನ್ಯಾಗ ನಾ ಬಂದು ಕೇಳೀನಿ, ಸೊಸಿನ್ನ ತವರಿಗೆ ಅಟ್ಟಿಬಿಡಲೇನು ಅಂತ. ಅಜ್ಜ ಆಗಲಿ ಅಂದಾನ!”

“ಬಾಯಿ ಬಿಟ್ಟು ಅಂದ್ರಾ?”

“ಬಾಯಿ ಯಾಕ ಬಿಡ್ತಾನ? ಮೌನದಜ್ಜ! ಬ್ಯಾಡ ಇದ್ದರ ಕೈ ಎತ್ತತಿದ್ದ. ಎತ್ತಲಿಲ್ಲ. ಸೊಸಿ ಗಂಟು ಕಟ್ಟಿ ಆಗೇತಿ.”

ದ್ಯಾಮನಗೌಡ ಮೀಸೆ ತೀಡಿದ. “ನಾ ಅಕಿ ಹೋದಮ್ಯಾಲ ಬಂದೀನಿ, ರಾತ್ರಿ ಉಂಡು ಬಂದೀನಿ. ಮಾವಿನ ಗಿಡದ ಸಲುವಾಗಿ ಅಣ್ಣನ ಮ್ಯಾಲ ಖಟ್ಲೆ ಹಾಕಲೇನು ಅಂದೆ. ಕೈ ಎತ್ತಲಿಲ್ಲ. ಗಿಡ ನನ್ನದು ಅಂತ ಅಜ್ಜನ ತೀರ್ಪು ಆತು. ರಾತ್ರೀನ ಹೋಗಿ ಅಣ್ಣನ ಬಾಗಲದಾಗ ನಿಂತು ಹೇಳಿ ಬಂದೀನಿ. ಈಗ ಅಜ್ಜ ಮೊದಲ ಸತ್ತಿದ್ದ ಅಂದ್ರ ನನ್ನ ಮಾತು ಏನಾಗಬೇಕು?”

ಜನ ಹೌದು ಹೌದು ಅಂದಿತು. ಮೌನದಜ್ಜನ ಉತ್ತರ ಅಡ್ಡಗೋಡೆಯ ಮೇಲಿನ ದೀಪ. ಯಾರು ಯಾವ ಕಡೆ ನಿಂತರೂ ಬೆಳಕು ತಮ್ಮ ಕಡೆಗೇ. ಅದನ್ನು ಊದಿ ಆರಿಸಲು ಯಾರಿಗೂ ಮನಸ್ಸಿಲ್ಲ.

“ಪಂಚನಾಮೆಗೆ ಊರಿನ ಪಂಚರು ಹೆಬ್ಬೆಟ್ಟು ಒತ್ತಬೇಕು. ಯಾರು ಒತ್ತತೀರಿ, ನಿನ್ನೆ ಹೊತ್ತು ಮುಳುಗೂ ಸುಮಾರಿಗೆ ಸತ್ತರಂತ?” ಎಂದ ಫೌಜದಾರ.

ಒಬ್ಬರೂ ಮುಂದೆ ಬರಲಿಲ್ಲ. ಹೆಬ್ಬೆಟ್ಟುಗಳೆಲ್ಲ ಮುಷ್ಟಿಯೊಳಗೆ ಅಡಗಿದವು.

ಫೌಜದಾರ ಗಡ್ಡ ಉಳಿದ ಕೆನ್ನೆ ಕೆರೆದುಕೊಂಡ. “ನೋಡ್ರಿ ಅಜ್ಜಾರ. ಮೈ ಒಂದು ಹೇಳ್ತದ, ಊರು ಒಂದು ಹೇಳ್ತದ. ಕೋರ್ಟಿನಾಗ ಊರಿಗೆ ಬಾಯಿ ಅದ, ಮೈಗೆ ಇಲ್ಲ. ಊಟದ ಹೊತ್ತಿಗೆ ಬದುಕಿದ್ದರು ಅಂತ ಗೌಡ್ರ ಹೇಳಿದಮ್ಯಾಲ, ಕಡೀಕ ಅವರ ಜೋಡಿ ಇದ್ದಾವ ನಿಮ್ಮ ಶಿಷ್ಯ. ನಾ ಅವನನ್ನ ಒಯ್ಯಬೇಕಾಗ್ತದ.”

ಮತ್ತೆ ಅಡಿವೆಪ್ಪನ ಕಡೆ ತಿರುಗಿದ. “ನೀ ಹೇಳಪಾ. ನೀ ಹೋದಾಗ ಅಜ್ಜಾರು ಬದುಕಿದ್ದರೋ ಇಲ್ಲೋ?”

ಅಡಿವೆಪ್ಪ ಬಾಯಿ ತೆರೆದ. ಜನ್ಮದಲ್ಲಿ ಮೊದಲ ಸಲ ಅದರಿಂದ ಏನೂ ಬರಲಿಲ್ಲ.

ಬದುಕಿದ್ದರು ಅಂದರೆ ಹಗ್ಗ. ಸತ್ತಿದ್ದರು ಅಂದರೆ ಉಪದೇಶ ಹೋಯಿತು, ಆಶ್ರಮ ಹೋಯಿತು. ಹೆಣದ ಮುಂದೆ ಕೂತು ದೊಡ್ಡಪ್ಪನ ಹೊಲದ ಕಥೆ ಹೇಳಿದವನು ಅಂತ ಹೊಳೆಯ ಎರಡೂ ದಂಡೆ ಸಾಯುವ ತನಕ ನಗುತ್ತವೆ. ಹಗ್ಗವಾದರೆ ಒಮ್ಮೆಗೇ ಮುಗಿಯುತ್ತದೆ, ಈ ನಗು ಮುಗಿಯುವುದಿಲ್ಲ.

“ಬದುಕಿ... ಬದುಕಿದ್ದರ್ರಿ” ಎಂದ. “ಬಾಗಿ ಆಶೀರ್ವಾದ ಮಾಡಿದರು.”

“ಕೇಳಿದ್ರಾ!” ಎಂದು ಗುರುಸಿದ್ದವ್ವ ಚಪ್ಪಾಳೆ ತಟ್ಟಿದಳು. “ಅವನ ಒಪ್ಪಿದ!”

ಫೌಜದಾರ ಹಣೆ ಚಚ್ಚಿಕೊಂಡ. “ತನ್ನ ಕುತ್ತಿಗಿಗೆ ತಾನ ಸಾಕ್ಷಿ ಹೇಳೂ ಮನುಷ್ಯನ್ನ ಇವತ್ತು ಕಂಡೆ.”

ಕಲ್ಲಯ್ಯಜ್ಜ ಶಿಷ್ಯನ ಹತ್ತಿರ ಬಂದ. ಕೈಯ ಹಗ್ಗ ಬಿಚ್ಚಿದ.

“ಅಡಿವೆಪ್ಪ, ಇಲ್ಲಿ ಕೂಡು.”

ಕೂತ.

“ನನಗ ಶರಣು ಮಾಡು.”

ಅಡಿವೆಪ್ಪ ಕುತ್ತಿಗೆ ಬಗ್ಗಿಸಿ, ಬೆನ್ನು ಬಗ್ಗಿಸಿ, ಕೈ ನೆಲಕ್ಕೂರಿ ಶರಣು ಮಾಡಿದ.

“ಇದು ನೀ ಬಾಗಿದ್ದು. ಈಗ ಅವ ಬಾಗಿದ್ದು ತೋರಿಸು. ಹೆಂಗ ಬಾಗಿದ್ದನೋ ಹಾಂಗ.”

“ಅದೇನ್ ದೊಡ್ಡದ್ರಿ” ಎಂದ ಅಡಿವೆಪ್ಪ. ಚಕ್ಕಳಮಕ್ಕಳ ಹಾಕಿದ. ಕೈ ತೊಡೆಯ ಮೇಲಿಟ್ಟ. ಕತ್ತು ನೆಟ್ಟಗೆ ಮಾಡಿದ. “ಕುತ್ತಿಗಿ ಬಗ್ಗಿಸಲಿಲ್ರಿ. ಸೊಂಟಾನೂ ಬಗ್ಗಿಸಲಿಲ್ಲ. ಕೈ ತೊಡಿ ಬಿಡಲಿಲ್ಲ. ಪೂರಾ ಅಜ್ಜನ ಒಮ್ಮಿಗೇ, ಹಿಂಗ...”

ಮುಂದಕ್ಕೆ ವಾಲಿದ. ಹುಳಿ ಗಡಿಗೆ ಉರುಳಿದ ಹಾಗೆ ಹೋಗಿ ಮೂಗಿನ ಮೇಲೆ ದಬಕ್ಕೆಂದು ಬಿದ್ದ.

ಯಾರೂ ನಗಲಿಲ್ಲ. ಅಡಿವೆಪ್ಪ ಏಳಲಿಲ್ಲ. ಮೂಗು ಮಣ್ಣಿನಲ್ಲಿ, ಬೆನ್ನು ಆಕಾಶಕ್ಕೆ. ಹಾಗೇ ಇದ್ದ. ಕಲ್ಲಯ್ಯಜ್ಜನೂ ಎಬ್ಬಿಸಲಿಲ್ಲ.

ಮಣ್ಣಿನೊಳಗಿಂದ ಮಾತು ಬಂತು.

“ಸಾಹೇಬ್ರ.”

“ಏನು?”

“ಅಜ್ಜ ಸತ್ತಿದ್ದ್ರಿ. ನಾ ಹೆಣದ ಮುಂದ ಕುಂತು ಮಾತಾಡಿದೆ. ಆಶೀರ್ವಾದ ಅಲ್ರಿ ಅದು. ಕಂಬಳಿ ಜಗ್ಗಿದ್ದಕ್ಕ ಬಿದ್ದ್ರು. ನಾ ಎತ್ತಿ ಕೂಡಿಸಿದಾಗ ಕಟ್ಟಿಗಿ ಎತ್ತಿದಂಗ ಆಗಿತ್ತು. ಆಗನ ನನಗ ಒಂದು ಕ್ಷಣ ಅನಿಸಿತ್ತು ಸಾಹೇಬ್ರ. ಬ್ಯಾಡಾತು. ಗುರು ಆಗಬೇಕಾಗಿತ್ತು.”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬ ನಕ್ಕ, ಅವನ ಪಕ್ಕದವನು ನಕ್ಕ, ದಂಡೆಯೆಲ್ಲ ನಕ್ಕಿತು. ಅಡಿವೆಪ್ಪ ಮಣ್ಣಿನಲ್ಲೇ ಮುಖವಿಟ್ಟು ಆ ನಗುವನ್ನು ಪೂರ್ತಿ ಉಂಡ.

ನಗು ಇಳಿದಾಗ ನಗದೆ ಉಳಿದವರು ಇಬ್ಬರು ಕಂಡರು.

ಗುರುಸಿದ್ದವ್ವ ಸೆರಗಿನ ತುದಿ ತಿರುವುತ್ತಿದ್ದಳು. “ದೀಪಾ...” ಎಂದಳು.

“ಯಾವ ದೀಪ?”

“ದಿನಾ ಅಜ್ಜನ ಹಚ್ಚತಿದ್ದ. ನಾ ಬರೂದರಾಗ ಹಚ್ಚಿರತಿತ್ತು. ನಿನ್ನೆ ಹಚ್ಚಿರಲಿಲ್ಲ. ನಾನ ಹಚ್ಚಿದೆ. ಮುಂಜಾನೆ ಬಂದರ ಸಂಜಿ ಹಾಲು ಇಟ್ಟಲ್ಲೇ ಇತ್ತು, ಕೆನಿ ಕಟ್ಟಿತ್ತು.” ಮೂಗು ಸೆಳೆದಳು. “ಹಾಂಗಾದ್ರ... ಆ ಹುಡಿಗಿನ್ನ ಅಟ್ಟಂತ ಯಾರೂ ಅಂದಿಲ್ಲ?”

“ಒಬ್ಬಾಕಿ ಅಂದಾಳ” ಎಂದ ಕಲ್ಲಯ್ಯಜ್ಜ. “ಅಕಿ ಇನ್ನೂ ಬದಕ್ಯಾಳ. ಹೋಗಿ ಬ್ಯಾಡಂತ ಹೇಳಲಿ.”

ಗುರುಸಿದ್ದವ್ವ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳದೆ ಊರ ಕಡೆ ಓಡಿದಳು.

ದ್ಯಾಮನಗೌಡ ಮಾತ್ರ ಮೀಸೆಯನ್ನೇ ತೀಡುತ್ತಿದ್ದ. “ನಾ ಬಂದಾಗ ಕತ್ತಲಿ ಇತ್ತ್ರಿ. ದೀಪ ಸಣ್ಣದು. ನನಗ ಸರಿಯಾಗಿ ಕಾಣಲಿಲ್ಲ ಅಂತ ಬೇಕಾದ್ರ ಬರ್ಕೋರಿ.”

“ಗೌಡ್ರ, ಅಣ್ಣಗ ಏನು ಹೇಳ್ತೀರಿ?” ಎಂದ ಫೌಜದಾರ.

“ಅಜ್ಜ ಸತ್ತ ಸುದ್ದಿ ಹೇಳ್ತೀನಿ. ಹೆಣದ ಮುಂದ ಖಟ್ಲೆ ಆಡೂದು ನಮ್ಮ ಮನಿತನದಾಗ ಇಲ್ಲ” ಎಂದ ಗೌಡ ಗಂಭೀರವಾಗಿ. ಹೆಬ್ಬೆಟ್ಟು ಒತ್ತಿದ. ಒಬ್ಬರ ಹಿಂದೆ ಒಬ್ಬರು ಉಳಿದವರೂ ಒತ್ತಿದರು.

*

ಮಧ್ಯಾಹ್ನ ಸಮಾಧಿ ತೋಡಿದರು. ಆ ಸೀಮೆಯಲ್ಲಿ ಇಂಥವರನ್ನು ಕೂರಿಸಿಯೇ ಮಣ್ಣು ಕೊಡುವುದು. ಬೇರೆಯವರಾಗಿದ್ದರೆ ಕೂರಿಸಲು ಹೆಣಗಬೇಕಿತ್ತು. ಮೌನದಜ್ಜ ಆ ತೊಂದರೆಯನ್ನೂ ಯಾರಿಗೂ ಕೊಡಲಿಲ್ಲ.

ಗುಣಿಗೆ ಇಳಿಸುವಾಗ ಅಡಿವೆಪ್ಪ ಒಂದು ಕಡೆ ಹಿಡಿದ. ಈ ಸಲ ಜಗ್ಗದಂತೆ, ಬಹಳ ನಿಧಾನ.

ಇಳಿಹೊತ್ತಿನಲ್ಲಿ ಗುರು ಶಿಷ್ಯರು ಹರಿಗೋಲು ಹತ್ತಿದರು. ಅಡಿವೆಪ್ಪ ಹುಟ್ಟು ಹಾಕುತ್ತಿದ್ದ. ದಂಡೆ ದೂರವಾಗುವ ತನಕ ಮಾತಾಡಲಿಲ್ಲ. ಅವನಿಗೆ ಅದು ದೊಡ್ಡ ದೂರ.

“ಅಜ್ಜಾರ.”

“ಹೂಂ.”

“ಮುಂಜಾನೆ ತಿರುಗಿ ಬರೂ ಮುಂದ ಎದಿ ಹಗರ ಆಗಿತ್ತ್ರಿ. ಖರೇನ ಆಗಿತ್ತು. ಅದೂ ಸುಳ್ಳೇನು?”

“ಹೊತಗೊಂಡು ಹೋದದ್ದನ್ನೆಲ್ಲಾ ಅಲ್ಲಿ ಇಳಿಸಿ ಬಂದಿ. ಹಗರ ಆಗದ ಏನಾಗ್ತದ?”

“ಆದ್ರ ಕೇಳಾವ ಸತ್ತಿದ್ದನಲ್ಲರಿ.”

ಕಲ್ಲಯ್ಯಜ್ಜ ನೀರಿಗೆ ಕೈ ಇಳಿಬಿಟ್ಟು ಕದಲದೆ ಕೂತಿದ್ದ.

ಅಡಿವೆಪ್ಪ ಹುಟ್ಟು ನಿಲ್ಲಿಸಿದ. ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು. ಗುರುವಿನ ಮುಖ ನೋಡಿದ. ಕಣ್ಣು ಪಿಳುಕುತ್ತದೆಯೋ ಎಂದು ನೋಡಿದ. ಪಾದ ಮುಟ್ಟಿ ನೋಡಿದ. ಬೆಚ್ಚಗಿತ್ತು. ಆದರೂ ಅಂಜಿಕೆ ಹೋಗಲಿಲ್ಲ.

“ಅಜ್ಜಾರ, ಎಷ್ಟೋ ವರ್ಷದಿಂದ ನಿಮ್ಮ ಮುಂದನೂ ಕುಂತು ಮಾತಾಡೀನಿ. ಎದುರಿಗೆ ಕುಂತಾವ ಬದಕ್ಯಾನೋ ಸತ್ತಾನೋ ಅಂತ ನನ್ನಂಥಾವಗ ಹೆಂಗ ಗೊತ್ತಾಗಬೇಕ್ರಿ?”

“ಮೊದಲ ನೀ ಸುಮ್ಮನಾಗು” ಎಂದ ಕಲ್ಲಯ್ಯಜ್ಜ. “ಒಂದು ಉಸಿರು ಕೇಳಸ್ತದ. ಅದು ಯಾರದು ಅಂತ ಆಮ್ಯಾಲ ನನಗ ಹೇಳು.”